ಬೆನ್ನು ದಪ್ಪ, ಬಾಯಿ ಮೊಂಡು: ಮಡಚದ ಚಾಕುಗಳನ್ನು ಹೋಲಿಸುವ ಬಗೆ

ಕೇಳುಗರಿಗೆ ನಮಸ್ಕಾರ.

ಗಂಗಾವತಿ ಇರಲಿ, ಸಿಂಧನೂರು ಇರಲಿ, ಸಿರುಗುಪ್ಪ ಇರಲಿ, ಸಂತೆಯಲ್ಲಿ ಕಬ್ಬಿಣದ ಸಾಮಾನು ಹರವಿಕೊಂಡು ಕೂತವರ ಮುಂದೆ ನಡೆಯುವ ವ್ಯಾಪಾರ ಒಂದೇ ಥರ. ಕೊಳ್ಳುವವರು ಚಾಕು ಎತ್ತಿ ಕೈಯಲ್ಲಿ ತೂಗುತ್ತಾರೆ, ಬೆನ್ನಿನ ದಪ್ಪ ನೋಡುತ್ತಾರೆ, ‘ಗಟ್ಟಿ ಅದ’ ಅಂದು ದುಡ್ಡು ಎಣಿಸುತ್ತಾರೆ. ಮನೆಗೆ ಒಯ್ದ ಮೇಲೆ ಆ ಚಾಕು ಗಜ್ಜರಿಯನ್ನು ಹೆಚ್ಚುವುದಿಲ್ಲ, ಸೀಳುತ್ತದೆ. ಬಾಯಿ ಇನ್ನೂ ಅರ್ಧಕ್ಕೆ ಇಳಿದಿರುವುದಿಲ್ಲ, ಅಷ್ಟರಲ್ಲಿ ‘ಟಪ್’ ಅಂತ ಗಜ್ಜರಿ ಎರಡು ಹೋಳಾಗಿ ಹಾರುತ್ತದೆ. ತಪ್ಪು ಉಕ್ಕಿನದಲ್ಲ, ಆಕಾರದ್ದು.

ಇವತ್ತು ಮಾತಾಡುವುದು ಮಡಚದ ಚಾಕುಗಳ ಬಗ್ಗೆ. ಅಡುಗೆಮನೆಯ ಚಾಕು, ಕುರಿ ಕೊಯ್ಯುವ ಚೂರಿ, ಬಾಳೆಗೊನೆ ಇಳಿಸುವ ಮಚ್ಚು, ಈಗೀಗ ಫೋನಿನಲ್ಲೇ ತರಿಸಿಕೊಳ್ಳುವ ಸೊಂಟದ ಚಾಕು, ಎಲ್ಲವೂ ಇದರಲ್ಲಿ ಬರುತ್ತವೆ. ಅಲಗು ಹಿಡಿಗೆ ಕಾಯಂ ಕೂತಿರುತ್ತದೆ, ತಿರುಗುವ ಕೀಲು ಇರುವುದಿಲ್ಲ.

ಮೊದಲು ಆಕಾರ. ಯಾವುದೇ ಅಲಗನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಕಾಣುವುದು ಒಂದು ಬೆಣೆ. ಬೆನ್ನು 4 ಮಿಲಿಮೀಟರ್ ದಪ್ಪ, ಅಲಗು 30 ಮಿಲಿಮೀಟರ್ ಅಗಲ ಅಂತಿಟ್ಟುಕೊಳ್ಳಿ. ಇಳಿಜಾರು ಬೆನ್ನಿನಿಂದಲೇ ಶುರುವಾಗಿ ಬಾಯಿತನಕ ಇಳಿದಿದ್ದರೆ ಬೆಣೆಯ ಕೋನ 8 ಡಿಗ್ರಿಯೊಳಗೇ ಇರುತ್ತದೆ. ಅದೇ ಪಟ್ಟಿಯಲ್ಲಿ ಬಾಯಿಯ ಹತ್ತಿರದ 10 ಮಿಲಿಮೀಟರ್ ಮಾತ್ರ ಅರೆದಿದ್ದರೆ ಕೋನ 23 ಡಿಗ್ರಿ ಆಸುಪಾಸಿಗೆ ಹೋಗುತ್ತದೆ. ಬೆನ್ನು ನೋಡಿದರೆ ಎರಡೂ ಚಾಕು ಒಂದೇ ಅನ್ನಿಸಬಹುದು, ಉಳ್ಳಾಗಡ್ಡಿಯ ಮೇಲೆ ಇಟ್ಟಾಗ ಗೊತ್ತಾಗುತ್ತದೆ. ಬೇಟೆ ಚಾಕು ಎಂದು ಮಾರುವ ದಪ್ಪನೆಯವುಗಳಲ್ಲಿ ಬಹಳಷ್ಟು ಈ ಎರಡನೇ ಜಾತಿಯವು. ಕಟ್ಟಿಗೆ ಸೀಳಲು ಅಡ್ಡಿಯಿಲ್ಲ, ಕಾಯಿಪಲ್ಯಕ್ಕೆ ಪ್ರಯೋಜನವಿಲ್ಲ.

ಬಾಯಿಯ ಅಂಚು ಶುರುವಾಗುವ ಜಾಗದ ಸ್ವಲ್ಪ ಮೇಲೆ ದಪ್ಪ ಎಷ್ಟಿದೆ ಅನ್ನುವುದು ಬೆನ್ನಿನ ದಪ್ಪಕ್ಕಿಂತ ಮುಖ್ಯ. ಅಡುಗೆ ಚಾಕುವಿಗೆ ಅಲ್ಲಿ 0.3ರಿಂದ 0.5 ಮಿಲಿಮೀಟರ್ ಸಾಕು, ಬರೆಯುವ ಕಾಗದದ ನಾಲ್ಕೈದು ಹಾಳೆ ಜೋಡಿಸಿದಷ್ಟು. ಎಲುಬು, ಬಾಳೆದಿಂಡು ಕಡಿಯುವ ಮಚ್ಚಿಗೆ 1 ಮಿಲಿಮೀಟರ್ ಹತ್ತಿರ ಬೇಕು, ಇಲ್ಲದಿದ್ದರೆ ಮೊದಲ ಏಟಿಗೇ ಬಾಯಿ ಮುಕ್ಕಾಗುತ್ತದೆ.

ಬಾಯಿ ಹೇಗಿದೆ ಎಂದು ನೋಡಲು ಬೆರಳು ಹಚ್ಚಬೇಕಿಲ್ಲ. ಚಾಕುವಿನ ಬಾಯಿಯನ್ನು ಕಣ್ಣಿನ ಕಡೆ ಮೇಲ್ಮುಖ ಮಾಡಿ ಬಿಸಿಲಿಗೆ ಹಿಡಿದು ನಿಧಾನ ತಿರುಗಿಸಿ. ಹರಿತವಾದ ಬಾಯಿ ಕಣ್ಣಿಗೆ ಕಾಣುವುದೇ ಇಲ್ಲ, ಬರೀ ಕರಿ ಗೆರೆ. ಎಲ್ಲಿ ಬಿಳಿ ಚುಕ್ಕೆ ಮಿಂಚುತ್ತದೋ ಅಲ್ಲಿ ಮೊಂಡಾಗಿದೆ, ಇಲ್ಲವೇ ಮುಕ್ಕಾಗಿದೆ. ಹಾಗೆಯೇ ಬೆನ್ನಿನ ಮೇಲಿನಿಂದ ಹಿಡಿಯಿಂದ ಮೊನೆಯವರೆಗೆ ಒಂದು ಕಣ್ಣು ಮುಚ್ಚಿ ನೋಡಿ. ಹದ ಹಾಕುವಾಗ, ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡುವಾಗ, ಅಲಗು ಸೊಟ್ಟಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಇನ್ನು ಉಕ್ಕು. ಕಂಬಾರರು ಹೆಚ್ಚಾಗಿ ಬಳಸುವುದು ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ. ಅದರಲ್ಲಿ ಇಂಗಾಲ ಶೇಕಡಾ 0.5ರಿಂದ 0.6. ಹದ ಹಿಡಿಯಲು ಇಷ್ಟು ಸಾಕು, ಮಚ್ಚಿಗಂತೂ ಇದಕ್ಕಿಂತ ಒಳ್ಳೆಯ ಮಾಲು ಅಗ್ಗಕ್ಕೆ ಸಿಗುವುದು ಕಷ್ಟ. ಒಂದು ಎಚ್ಚರಿಕೆ: ವರ್ಷಾನುಗಟ್ಟಲೆ ಭಾರ ಹೊತ್ತ ಪಟ್ಟಿಯಲ್ಲಿ, ಅದರಲ್ಲೂ ನಡುವಿನ ಬೋಲ್ಟ್ ತೂತಿನ ಸುತ್ತ, ಕಣ್ಣಿಗೆ ಕಾಣದ ಬಿರುಕು ಇರುತ್ತವೆ. ಆ ತುಂಡಿನಿಂದ ಅಲಗು ಮಾಡಬಾರದು. ಮನೆ ಕಟ್ಟುವ ಕಂಬಿ, ಗ್ರಿಲ್ ಅಂಗಡಿಯ ಪಟ್ಟಿ ಇವುಗಳಲ್ಲಿ ಇಂಗಾಲ ಶೇಕಡಾ 0.3ರೊಳಗೆ. ಎಷ್ಟು ಕಾಯಿಸಿ ಎಷ್ಟು ನೀರು ಕುಡಿಸಿದರೂ ಚಾಕುವಿಗೆ ಬೇಕಾದ ಹದ ಹಿಡಿಯುವುದಿಲ್ಲ. ಸಂಡೂರಿನ ಗುಡ್ಡದಲ್ಲಿ ಅದಿರು, ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇದ್ದ ಮಾತ್ರಕ್ಕೆ ನಮ್ಮ ಕಡೆ ಸಿಗುವ ಎಲ್ಲ ಕಬ್ಬಿಣವೂ ಚಾಕುವಿಗೆ ಒದಗುತ್ತದೆ ಎಂದಲ್ಲ. ಕಾರಿನ ಮೈಗೆ, ಛಾವಣಿಗೆ ಹೋಗುವ ತಗಡಿಗೆ ಮೆತ್ತಗಿರುವುದೇ ಗುಣ.

ಅಂಗಡಿಯ ಸ್ಟೇನ್‌ಲೆಸ್ ಚಾಕುವಿನ ಮೇಲೆ ಬರೀ ‘ಸ್ಟೇನ್‌ಲೆಸ್ ಸ್ಟೀಲ್’ ಎಂದು ಅಚ್ಚಾಗಿದ್ದರೆ ಏನೂ ಹೇಳಿದಂತಾಗಲಿಲ್ಲ. ತಟ್ಟೆ ಲೋಟ ಮಾಡುವ 304 ನಂಬರಿನ ಉಕ್ಕು ಕೂಡ ಸ್ಟೇನ್‌ಲೆಸ್ಸೇ. ಅದನ್ನು ಕಾಯಿಸಿ ಗಟ್ಟಿ ಮಾಡಲು ಬರುವುದಿಲ್ಲ. ಜೇಬಿನಲ್ಲಿ ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಅಲಗಿಗೆ ಅದು ಅಂಟದೇ ಹೋದರೆ ಆ ಚಾಕು ಬಿಟ್ಟುಬಿಡಿ. ಅಂಟಿದರೆ ಒಳ್ಳೆಯದೇ ಎಂದು ಖಾತ್ರಿಯಿಲ್ಲ, ಮುಂದೆ ನೋಡಬಹುದು ಅಷ್ಟೆ. ಜರ್ಮನ್ ಅಡುಗೆ ಚಾಕುಗಳ 1.4116 ಎಂಬ ಉಕ್ಕಿನಲ್ಲಿ ಇಂಗಾಲ ಶೇಕಡಾ ಸುಮಾರು 0.5, ತುಕ್ಕು ತಡೆಯುವ ಕ್ರೋಮಿಯಂ ಸುಮಾರು 15. ಸ್ವೀಡನ್ನಿನ 12ಸಿ27ರಲ್ಲಿ 0.6 ಮತ್ತು 13.5. ಡಿ2 ಎಂಬ ಉಕ್ಕಿನಲ್ಲಿ ಇಂಗಾಲ 1.5ರಷ್ಟಿದೆ, ಹರಿತ ಬಹಳ ದಿನ ನಿಲ್ಲುತ್ತದೆ, ಆದರೆ ಮನೆಯ ಸಾಣೆಕಲ್ಲಿಗೆ ಸುಲಭವಾಗಿ ಬಗ್ಗುವುದಿಲ್ಲ, ಎಲುಬಿಗೆ ತಾಗಿದರೆ ಮುಕ್ಕಾಗುತ್ತದೆ. ಹೆಸರಿನ ಹಿಂದೆ ಓಡುವವರು ಇದನ್ನು ತಲೆಯಲ್ಲಿಟ್ಟುಕೊಳ್ಳಬೇಕು.

ಆದರೆ ಉಕ್ಕಿನ ಹೆಸರಿಗಿಂತ ಹದ ದೊಡ್ಡದು. ಕುಲುಮೆಯಲ್ಲಿ ಅಲಗು ಕೆಂಪಾಗುತ್ತ ಹೋಗಿ ಸುಮಾರು 770 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅಯಸ್ಕಾಂತ ಅಂಟುವುದು ನಿಲ್ಲುತ್ತದೆ. ಅದಕ್ಕಿಂತ ತುಸು ಮೇಲೆ, 830ರ ಆಸುಪಾಸಿನಲ್ಲಿ, ಸ್ಪ್ರಿಂಗ್ ಪಟ್ಟಿಯನ್ನು ಎಣ್ಣೆಗೆ ಇಳಿಸಬೇಕು. ನೀರಿಗೆ ಹಾಕಿದರೆ ತೆಳು ಅಲಗು ಬಿರುಕು ಬಿಡುವ ಭಯ ಹೆಚ್ಚು. ಎಣ್ಣೆಯಿಂದ ತೆಗೆದ ಅಲಗು ಗಾಜಿನ ಹಾಗೆ, ಕೆಳಗೆ ಬಿದ್ದರೂ ಮುರಿದೀತು. ಅದನ್ನು ತಿಕ್ಕಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಬಿಸಿ ಮಾಡಿದರೆ ಮೈಮೇಲೆ ಬಣ್ಣ ಓಡುತ್ತದೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಹಳದಿ 220 ಡಿಗ್ರಿ ಹತ್ತಿರ, ನೀಲಿ 300. ಹೆಚ್ಚುವ ಚಾಕುವನ್ನು ಹಳದಿಗೇ ನಿಲ್ಲಿಸುತ್ತಾರೆ, ಕಡಿಯುವ ಮಚ್ಚನ್ನು ನೇರಳೆವರೆಗೂ ಬಿಡುತ್ತಾರೆ. ಸಂತೆ ಹತ್ತಿರ ಬಂದು ಕೈ ತುಂಬ ಕೆಲಸ ಇದ್ದಾಗ ಬಿಟ್ಟುಹೋಗುವುದು ಇದೇ ಎರಡನೇ ಬಿಸಿ. ಅಂಥ ಚಾಕು ಮೊದಲ ದಿನ ಕೂದಲು ಕೊಯ್ಯುತ್ತದೆ, ಎಂಟನೇ ದಿನಕ್ಕೆ ಬಾಯಿಯೆಲ್ಲ ಗರಗಸ.

ನೇಪಾಳದಲ್ಲಿ ಖುಕುರಿ ಎಂಬ ಬಾಗಿದ ಕತ್ತಿ ಮಾಡುವವರು ಕಾಯಿಸಿದ ಅಲಗನ್ನು ಮುಳುಗಿಸುವುದಿಲ್ಲ. ಕೆಟಲಿನಿಂದ ಬಾಯಿಯ ಉದ್ದಕ್ಕಷ್ಟೇ ನೀರು ಸುರಿಯುತ್ತಾರೆ. ಬಾಯಿ ಗಟ್ಟಿಯಾಗುತ್ತದೆ, ಬೆನ್ನು ಮೆತ್ತಗೆ ಉಳಿದು ಏಟು ತಾಳುತ್ತದೆ.

ಹದ ಪರೀಕ್ಷೆಗೆ ಸಣ್ಣ ಅರ ಸಾಕು. ಮಾರುವವರನ್ನು ಕೇಳಿ, ಹಿಡಿಯ ಹತ್ತಿರದ ಬಾಯಿಯ ಮೇಲೆ ಹಗುರಾಗಿ ಒಂದು ಸಲ ಎಳೆಯಿರಿ. ಮೊಳೆ ಅರೆದಂತೆ ಕಚ್ಚಿದರೆ ಮೆತ್ತಗಿದೆ. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಬಹಳ ಗಟ್ಟಿ, ಬಹುಶಃ ಎರಡನೇ ಬಿಸಿ ಕಂಡಿಲ್ಲ. ತಡೆದು ತಡೆದು ಕಚ್ಚುವುದು ಸರಿಯಾದ ಹದ.

ಹಿಡಿಯೊಳಗೆ ಹೋಗುವ ಅಲಗಿನ ಬಾಲದ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಹಿಡಿಯ ಆಕಾರಕ್ಕೇ ಪೂರ್ತಿ ಬಾಲ ಇದ್ದು, ಎರಡು ಕಡೆ ಕಟ್ಟಿಗೆ ಚಕ್ಕೆ ಕೂರಿಸಿ ರಿವಿಟ್ ಹೊಡೆದರೆ ಮಾತ್ರ ಗಟ್ಟಿ ಅನ್ನುತ್ತಾರೆ. ಆದರೆ ಖುಕುರಿಯ ಸಾಂಪ್ರದಾಯಿಕ ಬಾಲ ಸಣ್ಣದು, ಅರಗಿನಂಥ ಅಂಟಿನಲ್ಲಿ ಕೂರಿಸಿದ್ದು. ಸ್ವೀಡನ್ನಿನ ಮೋರಾ ಊರಿನ ಚಾಕುಗಳಲ್ಲೂ ಎಷ್ಟೋ ಕಡೆ ಬಾಲ ಹಿಡಿಯ ಕೊನೆವರೆಗೆ ಹೋಗುವುದಿಲ್ಲ. ಅವೆರಡೂ ಮುರಿಯುವ ಹೆಸರು ಪಡೆದಿಲ್ಲ. ಮುರಿಯುವುದು ಎಲ್ಲಿ ಅಂದರೆ ಅಲಗು ಮುಗಿದು ಬಾಲ ಶುರುವಾಗುವ ಮೂಲೆಯಲ್ಲಿ. ಆ ಮೂಲೆಯನ್ನು ಗುಂಡಗೆ ಅರೆಯದೆ ಚೂಪಾಗಿ ಬಿಟ್ಟಿದ್ದರೆ ಏಟಿನ ಒತ್ತಡವೆಲ್ಲ ಅಲ್ಲೇ ಕೂಡುತ್ತದೆ. ಅಲ್ಲಿ ವೆಲ್ಡಿಂಗ್ ಗುರುತು ಕಂಡರೆ ಕೊಳ್ಳಲೇಬೇಡಿ. ಅಲಗಿಗೆ ಕಂಬಿ ಬೆಸೆದು ಹಿಡಿ ಹಾಕಿದ ಚಾಕು ಅದು. ಬೆಸುಗೆಯ ಪಕ್ಕದ ಉಕ್ಕು ಪೆಡಸಾಗಿ ಸೀಳುತ್ತದೆ.

ರಾಯಚೂರಿನ ಬೇಸಿಗೆ ಹಿಡಿಗೆ ಬೇರೆ ಪರೀಕ್ಷೆ. ಹಸಿ ಕಟ್ಟಿಗೆಯ ಹಿಡಿ ಏಪ್ರಿಲ್, ಮೇ ತಿಂಗಳಲ್ಲಿ ಕುಗ್ಗಿ ರಿವಿಟ್ ಸಡಿಲಾಗುತ್ತದೆ. ಮಳೆಗಾಲದಲ್ಲಿ ಆ ಸಂದಿಗೆ ನೀರು ಇಳಿದು ಬಾಲ ಒಳಗೊಳಗೇ ತುಕ್ಕು ಹಿಡಿಯುತ್ತದೆ. ಕರಿಜಾಲಿ ಒಳ್ಳೆಯದು, ಒಣಗಿಸಿದ್ದಾಗಿರಬೇಕು. ಬಳ್ಳಾರಿ ಜಾಲಿ ಎಂದು ನಮ್ಮೂರಿನ ಹೆಸರು ಹೊತ್ತ ಗಿಡ ಬಂದದ್ದು ಅಮೆರಿಕ ಖಂಡದಿಂದ, ಎಲ್ಲರ ಬೈಗುಳ ತಿನ್ನುತ್ತದೆ, ಆದರೆ ಅದರ ಚೇಗು ಗಟ್ಟಿ, ಒಣಗಿದ ಮೇಲೆ ಕುಗ್ಗುವುದು ಕಮ್ಮಿ, ಹಿಡಿಗೆ ಚೆನ್ನಾಗಿ ಒಗ್ಗುತ್ತದೆ. ಹಿಡಿಗೆ ಹಚ್ಚಲು ಅಗಸೆ ಎಣ್ಣೆ. ಅದು ಒಣಗಿ ಪದರ ಕಟ್ಟುತ್ತದೆ. ಶೇಂಗಾ ಎಣ್ಣೆ ಒಣಗದೆ ಜಿಗುಟಾಗಿ ಉಳಿಯುತ್ತದೆ.

ಡಮಾಸ್ಕಸ್ ಎಂದು ಅಲೆಅಲೆ ಚಿತ್ತಾರ ತೋರಿಸಿ ಮಾರುವ ಚಾಕುಗಳ ಬಗ್ಗೆ ಒಂದು ಮಾತು. ಹಿಂದೆ ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕರಗಿಸಿದ ಉಕ್ಕಿಗೆ ಅಂಥ ಚಿತ್ತಾರ ಮೂಡುತ್ತಿತ್ತು. ಅದಕ್ಕೆ ಹೊರಗಿನವರು ಇಟ್ಟ ‘ವೂಟ್ಜ್’ ಎಂಬ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂತು ಎಂಬುದು ಬಹಳ ಜನ ಒಪ್ಪುವ ಮಾತು. ಈಗಿನ ಅಗ್ಗದ ಚಾಕುವಿನಲ್ಲಿ ಚಿತ್ತಾರ ಬರೀ ಮೇಲೆ ಕೊರೆದದ್ದಾಗಿರಬಹುದು. ಬೆನ್ನಿನ ಅಂಚು ನೋಡಿ, ನಿಜವಾದ ಪದರಗಳು ಅಲ್ಲೂ ಮುಂದುವರಿದಿರುತ್ತವೆ.

ಒಳ್ಳೆಯ ಚಾಕುವನ್ನು ಕೆಡಿಸುವುದು ಹೆಚ್ಚಾಗಿ ಸಾಣೆ. ಸೈಕಲ್ ಮೇಲೆ ಸಾಣೆ ಹಿಡಿಯುವವರ ಚಕ್ರ ಒಣಗಿರುತ್ತದೆ. ಕಿಡಿ ಹಾರುತ್ತಿದ್ದಂತೆ ತೆಳು ಬಾಯಿ ಕ್ಷಣದಲ್ಲಿ 300 ಡಿಗ್ರಿ ದಾಟುತ್ತದೆ. ಬಾಯಿಯಲ್ಲಿ ನೀಲಿ ಗೆರೆ ಕಂಡಿತೆಂದರೆ ಅಷ್ಟು ಭಾಗದ ಹದ ಹೋಯಿತು, ಅದು ಸವೆದು ಹೋಗುವವರೆಗೂ ಹರಿತ ನಿಲ್ಲದು. ಎರಡೆರಡು ಸಲ ಎಳೆದ ಮೇಲೆ ನೀರಿಗೆ ಅದ್ದಿ ಅಂತ ಹೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ಮನೆಯಲ್ಲೇ ಮಸೆಯುವುದಾದರೆ 1000 ನಂಬರಿನ ಒಂದು ಕಲ್ಲು ಸಾಕು. ಅಲಗು 30 ಮಿಲಿಮೀಟರ್ ಅಗಲ ಇದ್ದಾಗ ಬೆನ್ನನ್ನು ಕಲ್ಲಿನಿಂದ 8 ಮಿಲಿಮೀಟರ್, ಅಂದರೆ ಪೆನ್ಸಿಲಿನ ದಪ್ಪಕ್ಕಿಂತ ತುಸು ಹೆಚ್ಚು, ಎತ್ತಿ ಹಿಡಿದರೆ ಒಂದು ಮಗ್ಗುಲಿಗೆ ಸುಮಾರು 15 ಡಿಗ್ರಿ. ತರಕಾರಿಗೆ ಅಷ್ಟು. 10 ಮಿಲಿಮೀಟರ್ ಎತ್ತಿದರೆ 20 ಡಿಗ್ರಿ, ಮಾಂಸಕ್ಕೆ. ಒಂದು ಮಗ್ಗುಲು ಮಸೆಯುತ್ತ ಹೋದಂತೆ ಇನ್ನೊಂದು ಮಗ್ಗುಲಿನ ಅಂಚಿನಲ್ಲಿ ಕೂದಲೆಳೆಯಂಥ ಮಡಿಕೆ ಬೆರಳಿಗೆ ತಾಗುತ್ತದೆ. ಬಾಯಿಯ ಉದ್ದಕ್ಕೂ ಅದು ತಾಗಿದಾಗಲೇ ಮಗ್ಗುಲು ಬದಲಿಸಿ. ಕೊನೆಗೆ ಭಾರವಿಲ್ಲದೆ ನಾಲ್ಕೈದು ಸಲ ಎಳೆದು ಆ ಎಳೆ ತೆಗೆಯಬೇಕು. ಉಳಿದುಬಿಟ್ಟರೆ ಎರಡು ಟೊಮೆಟೊ ಹೆಚ್ಚುವಷ್ಟರಲ್ಲಿ ಹರಿತ ಹೋಗುತ್ತದೆ.

ಕಂಪ್ಲಿ ಕಡೆ ಬಾಳೆ ಬೆಳೆಯುವವರಿಗೆ ಗೊತ್ತು, ಸೊನೆ ತಾಗಿದ ಸ್ಪ್ರಿಂಗ್ ಪಟ್ಟಿಯ ಮಚ್ಚು ಕಪ್ಪಾಗುತ್ತದೆ. ಹುಣಸೆ, ನಿಂಬೆ ತಾಗಿದರೂ ಹಾಗೇ. ಆ ಕಪ್ಪು ತುಕ್ಕಲ್ಲ, ತಿಕ್ಕಿ ತೆಗೆಯಬೇಕಿಲ್ಲ. ಕೆಂಪು ಪುಡಿ ಕಂಡರೆ ಮಾತ್ರ ತಡ ಮಾಡಬೇಡಿ. ಸಂಜೆ ತೊಳೆದು, ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಗೂಟಕ್ಕೆ ನೇತುಹಾಕಿ. ಮಳೆಗಾಲದಲ್ಲಿ ಚರ್ಮದ ಒರೆಯೊಳಗೆ ಇಟ್ಟು ಮರೆತರೆ, ಚರ್ಮ ಹೀರಿದ ತೇವವೆಲ್ಲ ಅಲಗಿಗೆ. ನಮಸ್ಕಾರ.