ಕೈ ಮುಂದಾಗುವ ಮುನ್ನ ಬಾಯಿ ಬಿಡಿಸಿ

ಕೇಳುಗರೆಲ್ಲರಿಗೂ ನಮಸ್ಕಾರ.

ವಿಕ್ಟೋರಿಯಾ ಇರಲಿ, ಬೌರಿಂಗ್ ಇರಲಿ, ಮಲ್ಲೇಶ್ವರದ ಕೆ.ಸಿ. ಜನರಲ್ ಇರಲಿ, ಬೆಂಗಳೂರಿನ ಆಸ್ಪತ್ರೆಗಳ ವಾರ್ಡುಗಳಲ್ಲಿ ನರ್ಸಿಂಗ್ ವಿದ್ಯಾರ್ಥಿಗಳ ಗುಂಪು ಕಣ್ಣಿಗೆ ಬಿದ್ದೇ ಬೀಳುತ್ತದೆ. ಅವರನ್ನು ಕರೆತರುವವರು ಕಾಲೇಜಿನ ಬೋಧಕರು. ಆದರೆ ಹಾಸಿಗೆಯ ಪಕ್ಕದಲ್ಲಿ ನಿಂತು ಕೆಲಸ ಕಲಿಸುವವರು ಬಹಳ ಸಲ ಅದೇ ವಾರ್ಡಿನ ಸ್ಟಾಫ್ ನರ್ಸ್. ತನ್ನ ರೋಗಿಗಳನ್ನೂ ನೋಡಿಕೊಂಡು, ಜೊತೆಗೊಬ್ಬ ಕಲಿಯುವವರನ್ನೂ ನಡೆಸಿಕೊಂಡು ಹೋಗುವ ಈ ಸಿಸ್ಟರ್‌ಗೆ ಅಥವಾ ಬ್ರದರ್‌ಗೆ ಪ್ರಿಸೆಪ್ಟರ್ ಎನ್ನುತ್ತಾರೆ. ಹೊಸದಾಗಿ ಈ ಹೊಣೆ ಹೊತ್ತವರಿಗಾಗಿ ಇವತ್ತಿನ ಮಾತು.

ಪೋಸ್ಟಿಂಗ್, ಅಂದರೆ ವಿದ್ಯಾರ್ಥಿಗಳು ವಾರ್ಡಿನಲ್ಲಿ ಕಲಿಯುವ ಅವಧಿ, ಅದರ ಮೊದಲ ದಿನ ಅರ್ಧ ಗಂಟೆ ಎತ್ತಿಡಿ. ತುರ್ತು ಔಷಧ-ಸಾಮಾನಿನ ಗಾಡಿಯಾದ ಕ್ರ್ಯಾಶ್ ಕಾರ್ಟ್, ಆಕ್ಸಿಜನ್, ಕಫ ಹೀರಿ ತೆಗೆಯುವ ಸಕ್ಷನ್, ಕೈ ತೊಳೆಯುವ ಜಾಗ, ಸೂಜಿ ಹಾಕುವ ಬಿಳಿ ಡಬ್ಬ ತೋರಿಸಿ. ಆಮೇಲೆ, ಯಾವುದನ್ನು ಒಬ್ಬರೇ ಮಾಡಬಹುದು, ಯಾವುದನ್ನು ನೀವು ಪಕ್ಕದಲ್ಲಿದ್ದಾಗ ಮಾತ್ರ, ಯಾವುದನ್ನು ಬರೀ ನೋಡಬೇಕು ಎಂದು ಬಿಡಿಸಿ ಹೇಳಿ. ರಕ್ತ ಏರಿಸಲು ಶುರು ಮಾಡುವುದು, ಪೊಟ್ಯಾಶಿಯಂ ಕ್ಲೋರೈಡ್ ಬೆರೆಸುವುದು, ಕೀಮೋ ಔಷಧ, ಇವೆಲ್ಲ ನೋಡುವ ಸಾಲಿಗೆ ಸೇರಲಿ.

ಅಮೆರಿಕದ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ, ನರ್ಸ್ ಒಬ್ಬರು ಹೊಸಬರಿಂದ ಪರಿಣತರಾಗುವ ಹಾದಿಯನ್ನು ಐದು ಹಂತಗಳಲ್ಲಿ ವಿವರಿಸಿದರು. ಹೊಸಬರು ನಿಯಮ ಹಿಡಿದು ನಡೆಯುತ್ತಾರೆ ಎಂಬ ಅವರ ಮಾತು ಪ್ರಿಸೆಪ್ಟರ್‌ಗೆ ದಿನವೂ ಬೇಕಾದದ್ದು. "ಪೇಷೆಂಟ್ ಸರಿಯಿಲ್ಲ ಅನಿಸಿದರೆ ಕರಿ" ಎಂದರೆ ಎರಡನೇ ವರ್ಷದವರಿಗೆ ಏನೂ ತಿಳಿಯುವುದಿಲ್ಲ. ಅಂಕಿ ಕೊಡಿ. ವಯಸ್ಕರಲ್ಲಿ ಮೇಲಿನ ಬಿಪಿ 90ಕ್ಕಿಂತ ಕೆಳಗೆ, ಉಸಿರಾಟ ನಿಮಿಷಕ್ಕೆ 24ಕ್ಕಿಂತ ಮೇಲೆ, ಆಕ್ಸಿಜನ್ ಮಟ್ಟ 94ಕ್ಕಿಂತ ಕಡಿಮೆ, ಕ್ಯಾಥೆಟರ್ ಇದ್ದವರಿಗೆ ಮೂತ್ರ ಗಂಟೆಗೆ 30 ಮಿ.ಲೀ.ಗಿಂತ ಕಡಿಮೆ, ಇವುಗಳಲ್ಲಿ ಒಂದು ಕಂಡರೂ ತಕ್ಷಣ ನಿಮ್ಮನ್ನು ಕರೆಯಬೇಕು. ಹಳೆಯ ಶ್ವಾಸಕೋಶದ ಕಾಯಿಲೆಯವರಲ್ಲಿ ಆಕ್ಸಿಜನ್ನಿನ ಗುರಿ ಬೇರೆಯಿರುತ್ತದೆ, ಅಂಥವರ ಹಾಸಿಗೆಯ ಬಳಿಯೇ ಅದನ್ನು ವಿವರಿಸಿ.

ಇನ್ನು ಮುಖ್ಯ ವಿಷಯ. ಪ್ರೊಸೀಜರ್ ಮಾಡಿಸುವಾಗ ನಾವು ಸಾಮಾನ್ಯವಾಗಿ "ನಾನು ಮಾಡ್ತೀನಿ ನೋಡು, ಆಮೇಲೆ ನೀನು ಮಾಡು" ಎಂದುಬಿಡುತ್ತೇವೆ. ನಡುವೆ ಒಂದು ಮೆಟ್ಟಿಲು ಬಿಟ್ಟುಹೋಗುತ್ತದೆ. ನಿಮ್ಮ ಕೈ ಕೆಲಸ ಮಾಡಲಿ, ಬಾಯಿ ವಿದ್ಯಾರ್ಥಿಯದಾಗಿರಲಿ. ಮುಂದೇನು, ಯಾಕೆ ಎಂದು ಅವರು ಹೇಳಿದಂತೆಯೇ ನೀವು ಮಾಡುತ್ತಾ ಹೋಗಿ. ತಪ್ಪು ಹೇಳಿದರೆ ಕೈ ನಿಲ್ಲಿಸಿ. ತಪ್ಪು ತಿಳಿವಳಿಕೆ ಬಾಯಲ್ಲೇ ಸಿಕ್ಕಿಬೀಳುತ್ತದೆ, ರೋಗಿಯವರೆಗೆ ಹೋಗುವುದಿಲ್ಲ. ಇದನ್ನು ರೋಗಿಯ ಕಿವಿಗೆ ಬೀಳುವಂತೆ ಮಾಡಬೇಡಿ, ಔಷಧ ಸಿದ್ಧಪಡಿಸುವ ಟೇಬಲ್ಲಿನ ಬಳಿ ಮಾಡಿ.

ಇನ್ಸುಲಿನ್ ತೆಗೆದುಕೊಳ್ಳಿ. ನಮ್ಮಲ್ಲಿ ಮಿ.ಲೀ.ಗೆ 40 ಯೂನಿಟ್ ಇರುವ ಬಾಟಲಿಯೂ ಇದೆ, 100 ಯೂನಿಟ್ ಇರುವುದೂ ಇದೆ. ಸಿರಿಂಜೂ ಹಾಗೆಯೇ, ಸಾಮಾನ್ಯವಾಗಿ 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 10 ಅಲ್ಲ, 25 ಯೂನಿಟ್. ಅದಲುಬದಲಾಗಿ 40ರ ಇನ್ಸುಲಿನ್ನನ್ನು 100ರ ಸಿರಿಂಜಿನಲ್ಲಿ ಎಳೆದರೆ ಬರೀ 4. ಗೆರೆ ಎರಡರಲ್ಲೂ 10 ಎಂದೇ ತೋರಿಸುತ್ತದೆ, ಅದಕ್ಕೇ ಕಣ್ಣು ಮೋಸಹೋಗುತ್ತದೆ. ಆದ್ದರಿಂದ ಕೇಳಿ: ಬಾಟಲಿ ಮೇಲೆ ಎಷ್ಟಿದೆ? ಸಿರಿಂಜ್ ಮೇಲೆ? ಈಗ ಶುಗರ್ ಎಷ್ಟು? ತಿಂಡಿ ಬಂತಾ? ನಾಲ್ಕಕ್ಕೂ ಸರಿ ಉತ್ತರ ಬಂದರೆ ಇನ್ನೊಂದು ಕೇಳಿ: "ಸ್ಕ್ಯಾನಿಂಗ್‌ಗೆ ಅಂತ ಇವರನ್ನು ಖಾಲಿ ಹೊಟ್ಟೆಯಲ್ಲಿ ಇಟ್ಟಿದ್ದರೆ?" ಕೊಡುವ ಮೊದಲು ಡಾಕ್ಟರನ್ನು ಕೇಳುತ್ತೇನೆ ಎಂದರೆ, ಆ ವಿದ್ಯಾರ್ಥಿ ಕೇಸ್ ಶೀಟನ್ನಷ್ಟೇ ಅಲ್ಲ, ರೋಗಿಯನ್ನೂ ನೋಡುತ್ತಿದ್ದಾರೆ.

ಡ್ರಿಪ್ಪಿನ ಲೆಕ್ಕವನ್ನೂ ಹೀಗೇ ಬಾಯಲ್ಲಿ ಹೇಳಿಸಿ. 500 ಮಿ.ಲೀ. 8 ಗಂಟೆಯಲ್ಲಿ ಹೋಗಬೇಕು, ಸೆಟ್ಟಿನಲ್ಲಿ ಮಿ.ಲೀ.ಗೆ 20 ಹನಿ. 500ನ್ನು 20ರಿಂದ ಗುಣಿಸಿ 480 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 21 ಹನಿ.

ಗುರುತು ಹಿಡಿಯುವ ವಿಷಯ ನಮ್ಮೂರಿನಲ್ಲಿ ಸ್ವಲ್ಪ ಬಿಗಿಯಾಗಿರಬೇಕು. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ, ಇಬ್ಬರು ಮಂಜುನಾಥ ಇರುವುದು ಅಪರೂಪವೇನಲ್ಲ. "ನೀವು ಲಕ್ಷ್ಮಮ್ಮ ತಾನೆ?" ಎಂದರೆ ಕಿವಿ ಮಂದವಾದ ಅಜ್ಜಿ ಯಾವುದಕ್ಕಾದರೂ "ಹೂಂ" ಅನ್ನುತ್ತಾರೆ. "ನಿಮ್ಮ ಹೆಸರೇನಮ್ಮ?" ಎಂದು ಕೇಳಿ ಅವರ ಬಾಯಿಂದಲೇ ಹೇಳಿಸಬೇಕು, ಕೈಪಟ್ಟಿಯ ಆಸ್ಪತ್ರೆ ನಂಬರನ್ನು ಕೇಸ್ ಶೀಟಿನ ಜೊತೆ ತಾಳೆ ನೋಡಬೇಕು. ಹಾಸಿಗೆ ನಂಬರ್ ಗುರುತಲ್ಲ, ರೋಗಿಯ ಹಾಸಿಗೆ ಬದಲಾಗುತ್ತಲೇ ಇರುತ್ತದೆ.

ಭಾಷೆಯದು ಇನ್ನೊಂದು ಪಾಡು. ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬಂದ ವಿದ್ಯಾರ್ಥಿಗಳಿಗೆ ಮೊದಲ ವಾರದಲ್ಲೇ ಒಂದಿಷ್ಟು ವಾರ್ಡಿನ ಕನ್ನಡ ಬರೆದುಕೊಡಿ: ಹೊಟ್ಟೆ ತೊಳೆಸುತ್ತೆ, ಎದೆ ಹಿಡ್ಕೊಂಡಂಗಾಗುತ್ತೆ, ಉಬ್ಬಸ, ಒಂದಕ್ಕೆ ಹೋಗಬೇಕು. ವ್ಯಾಕರಣ ಆಮೇಲೆ ಬರಲಿ. ಎದೆ ಹಿಡಿದುಕೊಂಡಿದೆ ಎಂಬ ಮಾತು ಅರ್ಥವಾಗದೆ ತಲೆಯಾಡಿಸಿ ಮುಂದೆ ಹೋಗುವುದು ಅಪಾಯ. ಹಾಗೆಯೇ "ಇವರು ವಿದ್ಯಾರ್ಥಿ, ನಾನೂ ಜೊತೆಗಿರ್ತೀನಿ, ಬಿಪಿ ನೋಡಬಹುದಾ?" ಎಂದು ರೋಗಿಯ ಒಪ್ಪಿಗೆ ಕೇಳಿ. ಬೇಡ ಎಂದರೆ ಬೇಡ.

ಚಾರ್ಟಿನಲ್ಲಿ ಎಲ್ಲರ ಉಸಿರಾಟವೂ 20 ಎಂದೇ ಇದ್ದರೆ ಯಾರೂ ಎಣಿಸಿಲ್ಲ ಎಂದರ್ಥ. ನಾಡಿ ಹಿಡಿದ ಕೈಯನ್ನು ತೆಗೆಯದೆ ಹಾಗೇ ಇಟ್ಟುಕೊಂಡು, ರೋಗಿಗೆ ಗೊತ್ತಾಗದಂತೆ ಪೂರಾ 60 ಸೆಕೆಂಡ್ ಉಸಿರು ಎಣಿಸಲು ಹೇಳಿ, ನೀವೂ ಪಕ್ಕದಲ್ಲಿ ನಿಂತು ಎಣಿಸಿ ಹೋಲಿಸಿ. ಬಿಪಿ ಕಫ್ ತೋಳಿಗೆ ಚಿಕ್ಕದಾದರೆ ಒತ್ತಡ ಹೆಚ್ಚಾಗಿ ತೋರಿಸುತ್ತದೆ, ಇದನ್ನು ಒಮ್ಮೆ ಬೇರೆ ಅಳತೆಯ ಕಫ್ ಕಟ್ಟಿ ಅವರ ತೋಳಿನ ಮೇಲೆಯೇ ತೋರಿಸಿಬಿಡಿ.

ಬೈಗುಳದ ಬಗ್ಗೆ ಒಂದು ಮಾತು. ರೋಗಿಯ ಎದುರು ಗದರಿಸಿದರೆ ವಿದ್ಯಾರ್ಥಿ ಮುಂದಿನ ತಪ್ಪನ್ನು ಮುಚ್ಚಿಡುತ್ತಾರೆ. ನಿಜವಾದ ಅಪಾಯ ಕಂಡಾಗ "ನಿಲ್ಲಿಸು" ಎಂಬ ಒಂದೇ ಮಾತು ಸಾಕು, ಮೊದಲ ದಿನವೇ ಅದನ್ನು ಮಾತಾಡಿಕೊಂಡಿರಿ. ಉಳಿದದ್ದನ್ನು ಶಿಫ್ಟ್ ಮುಗಿಯುವ ಮುನ್ನ ಕೂರಿಸಿಕೊಂಡು, ಕಂಡದ್ದನ್ನು ಕಂಡ ಹಾಗೆ ಹೇಳಿ. "ಚೆನ್ನಾಗಿ ಮಾಡಿದೆ" ಎಂಬುದರಿಂದ ಯಾರೂ ಏನೂ ಕಲಿಯುವುದಿಲ್ಲ. "ಸ್ಪಿರಿಟ್ ಒಣಗುವ ಮೊದಲೇ ಸೂಜಿ ಹಾಕಿದೆ, ಅದಕ್ಕೇ ಅವರಿಗೆ ಉರಿಯಿತು" ಎಂದರೆ ಮರೆಯುವುದಿಲ್ಲ.

ಸೂಜಿ ಚುಚ್ಚಿಕೊಂಡರೆ ಹೆದರಿ ಸುಮ್ಮನಾಗುವವರೇ ಹೆಚ್ಚು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ಚುಚ್ಚಿದರೆ ಹಿಂಡದೆ ಸೋಪು ನೀರಿನಲ್ಲಿ ತೊಳೆಯಬೇಕು, ಆಗಲೇ ಹೇಳಬೇಕು. ಎಚ್‌ಐವಿ ತಡೆಯುವ ಔಷಧ ಬೇಕಾದರೆ ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರುವಾಗಬೇಕು. ನೈಟ್ ಡ್ಯೂಟಿಯಲ್ಲಿ ಯಾರಿಗೆ ತಿಳಿಸಬೇಕೆಂದೂ ಅವರಿಗೆ ಗೊತ್ತಿರಲಿ.

ಕೊನೆಗೆ, ವಿದ್ಯಾರ್ಥಿ ಮಾಡಿದ ಕೆಲಸಗಳನ್ನು ದಾಖಲಿಸುವ ಲಾಗ್ ಬುಕ್. ಪೋಸ್ಟಿಂಗಿನ ಕೊನೆಯ ದಿನ ಪುಸ್ತಕಗಳ ರಾಶಿ ಮುಂದಿಟ್ಟರೆ ಸಹಿ ಹಾಕಬೇಡಿ. ಆಯಾ ದಿನವೇ, ನೋಡಿದ್ದು, ಜೊತೆಗಿದ್ದು ಮಾಡಿದ್ದು, ತಾನೇ ಮಾಡಿದ್ದು ಎಂದು ಬೇರೆಬೇರೆಯಾಗಿ ಗುರುತಿಸಿ. ಯಾರಾದರೂ ಹಿಂದುಳಿದಿದ್ದರೆ ಪೋಸ್ಟಿಂಗ್ ಅರ್ಧ ಆಗುವಷ್ಟರಲ್ಲೇ ಕಾಲೇಜಿನ ಬೋಧಕರಿಗೆ ತಾರೀಖು ಹಾಕಿ ಬರೆದು ತಿಳಿಸಿ. ಕೊನೆಯ ದಿನ ಹೇಳಿದರೆ ತಿದ್ದಿಕೊಳ್ಳಲು ಅವರಿಗೆ ವಾರ್ಡೇ ಇರುವುದಿಲ್ಲ.

ನಮಸ್ಕಾರ.