ಸ್ವಿಚ್ ಸ್ಟ್ಯಾಕ್ ಮಾಡುವಾಗ ಸುತ್ತು ಪೂರ್ತಿ ಮಾಡಿ

ಕೇಳುಗರಿಗೆ ನಮಸ್ಕಾರ. ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರು, ಆಸ್ಪತ್ರೆಯಲ್ಲೋ ಕಚೇರಿಯಲ್ಲೋ ನೆಟ್‌ವರ್ಕ್ ಜವಾಬ್ದಾರಿ ಹೊತ್ತವರು, ರ‍್ಯಾಕ್ ಕೂರಿಸಿ ಕೇಬಲ್ ಎಳೆಯುವವರು, ಇವತ್ತಿನ ಮಾತು ನಿಮಗಾಗಿ. ನಾನು ಹೇಳಬೇಕಾದದ್ದು ಒಂದೇ. ಸ್ವಿಚ್ ಅಂದರೆ ಕಂಪ್ಯೂಟರ್‌ಗಳನ್ನು ನೆಟ್‌ವರ್ಕಿಗೆ ಸೇರಿಸುವ ಪೆಟ್ಟಿಗೆ. ಇಂಥ ಸ್ವಿಚ್‌ಗಳನ್ನು ಸ್ಟ್ಯಾಕ್ ಮಾಡುವಾಗ, ಅಂದರೆ ಒಂದಕ್ಕೊಂದು ಜೋಡಿಸಿ ಒಂದೇ ಮಾಡುವಾಗ, ಕೇಬಲ್ಲಿನ ಸುತ್ತು ಪೂರ್ತಿಯಾಗಬೇಕು. ಕೊನೆಯ ಸ್ವಿಚ್ಚಿನಿಂದ ಹೊರಟ ಕೇಬಲ್ ಮತ್ತೆ ಮೊದಲನೆಯದಕ್ಕೆ ಬರಲೇಬೇಕು.

ಇನ್ನೂರು ಕಂಪ್ಯೂಟರ್ ಇರುವ ಕಟ್ಟಡ ಅಂದುಕೊಳ್ಳಿ. ಒಂದು ಸ್ವಿಚ್ಚಿಗೆ 48 ಪೋರ್ಟ್, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿ, ಇದ್ದರೆ ಐದು ಸ್ವಿಚ್ ಬೇಕು. ಬಿಡಿಬಿಡಿಯಾಗಿ ಇಟ್ಟರೆ ಐದು ಐಪಿ ವಿಳಾಸ, ಐದು ಸಲ ಅದೇ ಸೆಟ್ಟಿಂಗ್. ಬೆನ್ನಿನ ಕಡೆ ಇರುವ ಸ್ಟ್ಯಾಕ್ ಪೋರ್ಟುಗಳಿಗೆ ದಪ್ಪ ಕೇಬಲ್ ಹಾಕಿ ಜೋಡಿಸಿದರೆ ಐದೂ ಸೇರಿ ಒಂದೇ ಸ್ವಿಚ್ ಆಗುತ್ತವೆ. ವಿಳಾಸವೂ ಒಂದೇ. ಸಿಸ್ಕೊ ಕಂಪನಿ 2003ರಲ್ಲಿ ಕ್ಯಾಟಲಿಸ್ಟ್ 3750 ಅನ್ನುವ ಸ್ವಿಚ್ಚಿನ ಜೊತೆ ಇದನ್ನು ತಂದಿತು. ಈಗಿನ ಕ್ಯಾಟಲಿಸ್ಟ್ 9300ರಲ್ಲಿ ಎಂಟು ಸ್ವಿಚ್ ತನಕ ಜೋಡಿಸಬಹುದು.

ಪ್ರತಿ ಸ್ವಿಚ್ಚಿಗೂ ಎರಡು ಸ್ಟ್ಯಾಕ್ ಪೋರ್ಟ್ ಇರುತ್ತವೆ. ಯಾಕೆ ಎರಡು? ಸುತ್ತು ಹಾಕಲಿಕ್ಕೆ! ಊರಿನ ರಿಂಗ್ ರೋಡ್ ನೆನಪಿಸಿಕೊಳ್ಳಿ. ಒಂದು ಕಡೆ ರಸ್ತೆ ಕಟ್ಟಿದರೆ ಇನ್ನೊಂದು ಕಡೆಯಿಂದ ಬಳಸಿ ಹೋಗಬಹುದು. ಸುತ್ತು ಇಲ್ಲದಿದ್ದರೆ ಆ ಬಳಸುದಾರಿಯೇ ಇಲ್ಲ.

ಒಂದು ಆಸ್ಪತ್ರೆಯ ವಿಷಯ ಹೇಳುತ್ತೇನೆ. ಜಿಲ್ಲಾ ಕೇಂದ್ರವೊಂದರಲ್ಲಿ ಹೊಸ ಕಟ್ಟಡ, ಒಂದೇ ರ‍್ಯಾಕಿನಲ್ಲಿ ಐದು ಸ್ವಿಚ್. ಎಲ್ಲ ಚೆನ್ನಾಗಿಯೇ ಓಡುತ್ತಿತ್ತು. ಒಂದು ಬೆಳಿಗ್ಗೆ ನಡುವಿನ ಮೂರನೇ ಸ್ವಿಚ್ಚಿನ ಪವರ್ ಸಪ್ಲೈ ಸತ್ತಿತು. ಸರಿ, ಒಂದು ಸ್ವಿಚ್ ಹೋದರೆ ಅದರ 48 ಪೋರ್ಟ್ ಮಾತ್ರ ಹೋಗಬೇಕು, ಅಲ್ವಾ? ಇಲ್ಲಿ ನಾಲ್ಕನೆಯದು, ಐದನೆಯದು ಕೂಡ ಕೈಕೊಟ್ಟವು. ಬಿಲ್ಲಿಂಗ್ ಕೌಂಟರ್, ರಕ್ತ ಪರೀಕ್ಷೆಯ ಲ್ಯಾಬ್ ಎರಡೂ ಆ ಎರಡು ಸ್ವಿಚ್ಚಿನ ಮೇಲಿದ್ದವು. ಕೌಂಟರಿನ ಮುಂದೆ ಸಾಲು ಬೆಳೆಯಿತು. ಬಿಲ್ಲನ್ನು ಕೈಯಲ್ಲಿ ಬರೆಯತೊಡಗಿದರು. ನೆಟ್‌ವರ್ಕ್ ನೋಡಿಕೊಳ್ಳುವ ಹುಡುಗ ಪಾಪ, ಪ್ಯಾಚ್ ಕಾರ್ಡ್ ಬದಲಾಯಿಸಿದ, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದ. ಸ್ವಿಚ್ಚಿನ ದೀಪಗಳೆಲ್ಲ ಹಸಿರಾಗಿಯೇ ಮಿನುಗುತ್ತಿದ್ದವು. ಹಸಿರು ಇದ್ದರೆ ಸ್ವಿಚ್ ಸರಿ ಇದೆ ಅಂತ ತಾನೇ ಎಲ್ಲರೂ ತಿಳಿಯುವುದು?

ನನ್ನನ್ನು ಕರೆಸಿದರು. ನಾನು ಸೀದಾ ರ‍್ಯಾಕಿನ ಹಿಂದೆ ಹೋದೆ. ಮೊದಲ ಸ್ವಿಚ್ಚಿನ ಒಂದು ಸ್ಟ್ಯಾಕ್ ಪೋರ್ಟ್ ಖಾಲಿ. ಐದನೆಯದರದ್ದೂ ಒಂದು ಖಾಲಿ. ಐದು ಕೇಬಲ್ ಬೇಕಾದಲ್ಲಿ ನಾಲ್ಕೇ ಇದ್ದವು. ಮೂರನೆಯದು ನಿಂತ ಕೂಡಲೇ ಸ್ಟ್ಯಾಕ್ ಎರಡು ತುಂಡಾಗಿದೆ. ಹೊರಗೆ ಹೋಗುವ ಫೈಬರ್ ಇದ್ದದ್ದು ಮೊದಲನೆಯದರಲ್ಲಿ ಮಾತ್ರ. ಕೆಳಗಿನ ಎರಡು ಸ್ವಿಚ್ ಜೀವ ಇದ್ದೂ ಒಂಟಿಯಾಗಿದ್ದವು. ಐದನೇ ಕೇಬಲ್ ಎಲ್ಲಿ ಅಂತ ಕೇಳಿದೆ. ಸ್ಟೋರ್ ರೂಮಿನಿಂದ ತಂದುಕೊಟ್ಟರು. ಪೊಟ್ಟಣ ಕೂಡ ಒಡೆದಿರಲಿಲ್ಲ! ಅರ್ಧ ಮೀಟರಿನ ಕೇಬಲ್ ಮೇಲಿನಿಂದ ಕೆಳಗಿನವರೆಗೆ ಮುಟ್ಟಲಿಲ್ಲವಂತೆ, ಅದಕ್ಕೇ ಬಿಟ್ಟರಂತೆ.

ಮುಟ್ಟುವುದಿಲ್ಲ, ನಿಜ. ಅಲ್ಲಿ ಒಂದು ಸ್ವಿಚ್ಚಿಗೂ ಇನ್ನೊಂದಕ್ಕೂ ನಡುವೆ ಪ್ಯಾಚ್ ಪ್ಯಾನೆಲ್‌ಗಳು, ಅಂದರೆ ಕಟ್ಟಡದ ಕೇಬಲ್‌ಗಳು ಬಂದು ಸೇರುವ ಪಟ್ಟಿಗಳು, ಇದ್ದವು. ಮೇಲಿನಿಂದ ಕೆಳಗೆ 70 ಸೆಂಟಿಮೀಟರಿಗೂ ಜಾಸ್ತಿ. ಆದರೆ ಉದ್ದ ಕೇಬಲ್ ಇಲ್ಲದೆಯೂ ಸುತ್ತು ಹಾಕಬಹುದು ಸ್ವಾಮಿ! ಪೆನ್ನು ಇದ್ದರೆ ಬರೆದುಕೊಳ್ಳಿ. ಒಂದರಿಂದ ಮೂರಕ್ಕೆ, ಮೂರರಿಂದ ಐದಕ್ಕೆ, ಐದರಿಂದ ನಾಲ್ಕಕ್ಕೆ, ನಾಲ್ಕರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ. ಯಾವ ಕೇಬಲ್ಲೂ ಒಂದು ಸ್ವಿಚ್ ದಾಟಿ ಮುಂದಿನದಕ್ಕಿಂತ ದೂರ ಹೋಗುವುದಿಲ್ಲ. ಸುತ್ತು ಪೂರ್ತಿ. ಇದು ನನಗೆ ಬಹಳ ಇಷ್ಟವಾದ ಜೋಡಣೆ. ರ‍್ಯಾಕ್ ಕೂರಿಸುವ ಮೊದಲೇ ಇದನ್ನು ಕಾಗದದ ಮೇಲೆ ಬರೆದರೆ ಐದು ನಿಮಿಷದ ಕೆಲಸ. ಉದ್ದನೆಯದೇ ಬೇಕೆಂದರೆ ಒಂದು ಮೀಟರ್, ಮೂರು ಮೀಟರ್ ಕೇಬಲ್ಲೂ ಸಿಗುತ್ತವೆ.

ಸುತ್ತು ಮುಚ್ಚದಿದ್ದರೂ ಸ್ಟ್ಯಾಕ್ ಓಡುತ್ತದೆ. ಅದೇ ಅಪಾಯ. ಒಳಗಿನ ವೇಗ ಅರ್ಧವಾಗಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಮಾಸ್ಟರ್, ಅಂದರೆ ಇಡೀ ಸ್ಟ್ಯಾಕನ್ನು ನಡೆಸುವ ಸ್ವಿಚ್, ಯಾವುದು ಅಂತ ನೀವೇ ಗೊತ್ತುಮಾಡಿ. ಅದಕ್ಕಿರುವ ಪ್ರಯಾರಿಟಿ ಸಂಖ್ಯೆ 1ರಿಂದ 15ರ ತನಕ ಇದೆ, ದೊಡ್ಡದಿದ್ದದ್ದಕ್ಕೆ ಮೊದಲ ಹಕ್ಕು. ಒಂದಕ್ಕೆ 15, ಇನ್ನೊಂದಕ್ಕೆ 14 ಕೊಡಿ. ಎಲ್ಲದರಲ್ಲೂ ಒಂದೇ ಸಾಫ್ಟ್‌ವೇರ್ ಇರಲಿ. ಫೈಬರ್ ಎರಡು ಬೇರೆ ಸ್ವಿಚ್ಚಿನಿಂದ ಹೊರಡಲಿ. ಹೊಸ ಸ್ವಿಚ್ ಸೇರಿಸುವಾಗ ಅದನ್ನು ಆಫ್ ಮಾಡಿಟ್ಟು ಸ್ಟ್ಯಾಕ್ ಕೇಬಲ್ ಹಾಕಿ, ಆಮೇಲೆ ಕರೆಂಟ್ ಕೊಡಿ.

ಇನ್ನು ಸುತ್ತು. ಸ್ವಿಚ್ಚಿಗೆ ‘ಶೋ ಸ್ವಿಚ್ ಸ್ಟ್ಯಾಕ್-ಪೋರ್ಟ್ಸ್’ ಅಂತ ಕಮಾಂಡ್ ಕೊಟ್ಟರೆ ಪ್ರತಿ ಸ್ವಿಚ್ಚಿನ ಎರಡೂ ಪೋರ್ಟ್ ‘ಓಕೆ’ ಅನ್ನಬೇಕು. ಒಂದು ‘ಡೌನ್’ ಅಂದರೂ ಸುತ್ತು ಮುಚ್ಚಿಲ್ಲ. ಕೆಲಸ ಒಪ್ಪಿಸಿಕೊಳ್ಳುವ ದಿನ ನಡುವಿನ ಒಂದು ಸ್ವಿಚ್ ಆಫ್ ಮಾಡಿಸಿ, ಅದರ ಕೆಳಗಿನವು ಓಡುತ್ತವೆಯೇ ನೋಡಿ. ಓಡಿದ ಮೇಲೆಯೇ ಬಿಲ್ಲಿಗೆ ಸಹಿ ಹಾಕಿ. ನಮಸ್ಕಾರ.