ಗಂಟು ಚರ್ಮದಲ್ಲಿ, ಸೂಜಿ ಸೊಂಟದ ಮೂಳೆಗೆ: ಯಾಕೆ?

[ದೃಶ್ಯ: ತೋಳಿನ ಮೇಲೆ ನೇರಳೆ ಬಣ್ಣದ ಗಂಟು]

ಗಂಟು ರಕ್ತದ ಕ್ಯಾನ್ಸರಿನದು ಅಂತ ಚರ್ಮದ ಬಯಾಪ್ಸಿಯೇ ಹೇಳಿಯಾಗಿದೆ. ಮತ್ತೆ ಬೋನ್ ಮ್ಯಾರೋ, ಅಂದರೆ ಮೂಳೆಯೊಳಗಿನ ಮಜ್ಜೆಯ ಪರೀಕ್ಷೆ ಯಾಕೆ? ರೋಗ ಚರ್ಮದಲ್ಲಷ್ಟೇ ಇದೆಯೋ, ಮಜ್ಜೆಯಲ್ಲೂ ಇದೆಯೋ ಅನ್ನೋದರ ಮೇಲೆ ಚಿಕಿತ್ಸೆಯೇ ಬದಲಾಗುತ್ತೆ.

ಎಲ್ಲರಿಗೂ ಇದು ಬೇಕಿಲ್ಲ. ಆರಂಭದ ಹಂತದ ಮೈಕೋಸಿಸ್ ಫಂಗಾಯ್ಡಿಸ್ (ಚರ್ಮದ ಒಂದು ಲಿಂಫೋಮಾ, ಅಂದರೆ ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣಗಳ ಕ್ಯಾನ್ಸರ್) ಇದ್ದು, ರಕ್ತದ ವರದಿ ಸರಿಯಿದ್ದರೆ ಸಾಮಾನ್ಯವಾಗಿ ಚುಚ್ಚೋದಿಲ್ಲ. ಕಾಲಿನ ಮೇಲೆ ಭರಭರನೆ ಬೆಳೆಯೋ ಬಿ-ಸೆಲ್ ಲಿಂಫೋಮಾ, ಚರ್ಮಕ್ಕೆ ಹರಡಿದ ಲ್ಯುಕೇಮಿಯಾ, ಪೆಟ್ಟು ಬಿದ್ದು ಕಂದಿದ ಹಾಗೆ ಕಾಣೋ ಬಿಪಿಡಿಸಿಎನ್ (ಅಪರೂಪದ ಒಂದು ರಕ್ತದ ಕ್ಯಾನ್ಸರ್), ಇವುಗಳಲ್ಲಾದರೆ ಬಿಡೋ ಹಾಗಿಲ್ಲ.

[ದೃಶ್ಯ: ಸೊಂಟದ ಹಿಂಭಾಗದ ಚಿತ್ರ]

ಜಾಗ, ಸೊಂಟದ ಹಿಂದೆ ಕೈಗೆ ಸಿಗೋ ಮೂಳೆಯ ಉಬ್ಬು. ಮರಗಟ್ಟಿಸೋ ಲಿಡೊಕೇನ್ ಚರ್ಮಕ್ಕಷ್ಟೇ ಕೊಟ್ಟರೆ ಸಾಲದು. ನೋವು ಗೊತ್ತಾಗೋದು ಮೂಳೆಯ ಮೇಲಿನ ಪೊರೆಗೆ. ಅಲ್ಲಿ ಒಂದೇ ಕಡೆ ಅಲ್ಲ, ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಕೊಟ್ಟು, ಕೆಲವು ನಿಮಿಷ ಕಾಯಬೇಕು. ಆದರೂ ಮಜ್ಜೆ ಎಳೆಯುವಾಗಿನ ಆ ಕ್ಷಣದ ಸೆಳೆತಕ್ಕೆ ಈ ಇಂಜೆಕ್ಷನ್ ತಲುಪಲ್ಲ. ಇದನ್ನ ಮೊದಲೇ ಹೇಳಿಬಿಡೋದು ಒಳ್ಳೇದು.

[ದೃಶ್ಯ: ಸಿರಿಂಜ್, ಹತ್ತಿರದಿಂದ]

ಕೆಲಸ ಕೆಡೋದು ಹೆಚ್ಚಾಗಿ ಇಲ್ಲೇ. ಮೊದಲ ಎಳೆತದಲ್ಲಿ ಅರ್ಧ ಎಂಎಲ್ ಒಳಗೇ ನಿಲ್ಲಿಸಬೇಕು. ಜಾಸ್ತಿ ಎಳೆದರೆ ರಕ್ತ ಬೆರೆತು ಜೀವಕೋಶಗಳ ಲೆಕ್ಕ ತಪ್ಪುತ್ತೆ. ಸ್ಲೈಡ್ ಓರೆ ಹಿಡಿದು ನೋಡಿ: ರಕ್ತ ಜಾರಿಹೋಗಿ ರವೆಯಂಥ ಕಣಗಳು ಅಂಟಿಕೊಂಡರೆ ಅದು ಮಜ್ಜೆ. ಹೆಪ್ಪುಗಟ್ಟೋ ಮೊದಲೇ ಸ್ಲೈಡ್ ಮೇಲೆ ತೆಳ್ಳಗೆ ಸ್ಮಿಯರ್ ಎಳೆಯಬೇಕು. ಎರಡನೇ ಎಳೆತದ್ದು, ಹೆಪ್ಪುಗಟ್ಟದ ಹಾಗೆ ತಡೆಯೋ ಎರಡು ಬಗೆಯ ಟ್ಯೂಬಿಗೆ: ಇಡಿಟಿಎ ಟ್ಯೂಬಿನಲ್ಲಿ ಫ್ಲೋ ಸೈಟೋಮೆಟ್ರಿಗೆ (ಕೋಶಗಳ ಬಗೆ ಗುರುತಿಸೋ ಪರೀಕ್ಷೆ), ಹೆಪಾರಿನ್ ಟ್ಯೂಬಿನಲ್ಲಿ ಕ್ರೋಮೋಸೋಮ್ ಪರೀಕ್ಷೆಗೆ. ಟ್ಯೂಬ್ ಅದಲುಬದಲಾದರೆ ಮತ್ತೆ ಚುಚ್ಚಿಸಿಕೊಳ್ಳೋ ಪಾಡು ರೋಗಿಯದ್ದು.

ಏನೂ ಬರಲಿಲ್ಲವಾ? ಅದು ಡ್ರೈ ಟ್ಯಾಪ್. ಮಜ್ಜೆ ನಾರುಗಟ್ಟಿರಬಹುದು, ಕ್ಯಾನ್ಸರ್ ಕೋಶಗಳೇ ಕಿಕ್ಕಿರಿದಿರಬಹುದು. ಆಗ ಸೂಜಿಯಿಂದ ತೆಗೆದ ಮೂಳೆಯ ತುಂಡನ್ನ, ಕೆಡದ ಹಾಗೆ ಇಡೋ ಫಾರ್ಮಾಲಿನ್‌ಗೆ ಹಾಕೋ ಮೊದಲು ಸ್ಲೈಡ್ ಮೇಲೆ ಮೆಲ್ಲಗೆ ಒತ್ತಿ, ಅಚ್ಚು ತೆಗೆದುಕೊಳ್ಳಿ. ಉಜ್ಜಿದರೆ ಕೋಶಗಳು ಜಜ್ಜಿಹೋಗುತ್ತವೆ.

ತುಂಡು ಒಂದೂವರೆಯಿಂದ ಎರಡು ಸೆಂಟಿಮೀಟರ್ ಉದ್ದ ಬೇಕು. ಲಿಂಫೋಮಾ ಮಜ್ಜೆಯಲ್ಲಿ ಅಲ್ಲಲ್ಲಿ ಕೂತಿರುತ್ತೆ, ಗಿಡ್ಡ ತುಂಡಿನಲ್ಲಿ ತಪ್ಪಿಸಿಕೊಳ್ಳುತ್ತೆ. ಲ್ಯಾಬಿನಲ್ಲಿ ಮೂಳೆ ಮೆದು ಮಾಡೋಕೆ ಕಟುವಾದ ಆಸಿಡ್ ಬಳಸಿದರೆ ಡಿಎನ್ಎ ಹಾಳಾಗುತ್ತೆ. ಜೀನ್ ಪರೀಕ್ಷೆ ಬೇಕಿದ್ದರೆ ಇಡಿಟಿಎ ದ್ರಾವಣವೇ ಸರಿ, ನಿಧಾನವಾದರೂ.

[ದೃಶ್ಯ: ಸೂಕ್ಷ್ಮದರ್ಶಕದಲ್ಲಿ ಲಿಂಫೋಸೈಟ್ ಗುಂಪು]

ವಯಸ್ಸಾದವರ ಮಜ್ಜೆಯಲ್ಲಿ ಇಂಥ ಚಿಕ್ಕ ಗುಂಪುಗಳು ಕ್ಯಾನ್ಸರ್ ಇಲ್ಲದೆಯೂ ಸಿಗುತ್ತವೆ. ಚರ್ಮದಲ್ಲಿ ಸಿಕ್ಕ ಕೋಶಗಳೇ ಇವೂ ಹೌದಾ ಅಂತ ತಾಳೆ ನೋಡದೆ ರೋಗ ಹರಡಿದೆ ಅನ್ನೋ ಹಾಗಿಲ್ಲ. ಅದಕ್ಕೇ, ಮಜ್ಜೆಯ ಸ್ಯಾಂಪಲ್ ಜೊತೆ ಚರ್ಮದ ಬಯಾಪ್ಸಿ ವರದಿಯನ್ನೂ ಲ್ಯಾಬಿಗೆ ಕಳಿಸಿ.